ದನಿ ಬರುವ ತನಕ ರಿಪೇರಿ ಮುಗಿಯದು

ಕಂಪ್ಯೂಟರಿನ ಒಳಗುಟ್ಟು ಅರೆಬರೆ ತಿಳಿದವರು ಇದನ್ನು ಬರೆಯುವುದು ಅಧಿಕಪ್ರಸಂಗವೇ ಸರಿ, ಓದುಗರು ಮನ್ನಿಸಬೇಕು. ಆದರೆ ಕಣ್ಣಾರೆ ಕಂಡೂ ಬಾಯಿಗೆ ಬೀಗ ಹಾಕಿಕೊಳ್ಳುವುದು ಇನ್ನೂ ದೊಡ್ಡ ತಪ್ಪು.

ಬೆಳಕು ಹರಿಯುತ್ತಿದೆ. ಆಸ್ಪತ್ರೆಯ ಮೆಟ್ಟಿಲ ಕೆಳಗಿನ ಟೆಲಿಫೋನ್ ಕೋಣೆಯಲ್ಲಿ ರಿಪೇರಿ ಅಕ್ಕ ಮೊಣಕಾಲೂರಿ ಕೂತು, ಹಳೆಯ ಕಂಪ್ಯೂಟರಿನ ಧೂಳನ್ನು ಪೇಂಟ್ ಬ್ರಷ್‌ನಿಂದ ಗುಡಿಸುತ್ತಿದ್ದಾರೆ. ಪಕ್ಕದ ಕುರ್ಚಿಯಲ್ಲಿ ಆಪರೇಟರ್ ಅಣ್ಣ. ಅವರಿಗೆ ಹುಟ್ಟಿನಿಂದ ಕಣ್ಣು ಕಾಣದು. ಡಾಕ್ಟರುಗಳ ಹೆಸರು, ವಾರ್ಡಿನ ನಂಬರುಗಳನ್ನು ಈ ಯಂತ್ರ ಓದಿ ಹೇಳುತ್ತದೆ. ಅವರು ಕರೆ ಜೋಡಿಸುತ್ತಾರೆ.

ಅದರ ಹಳೆಯ ಆಪರೇಟಿಂಗ್ ಸಿಸ್ಟಂಗೆ ಕಂಪನಿ ಅಪ್‌ಡೇಟ್ ನಿಲ್ಲಿಸಿದೆ. ಹೊಸದನ್ನು ಹಾಕಹೋದರೆ 'ಈ ಯಂತ್ರ ಯೋಗ್ಯವಲ್ಲ' ಎಂಬ ಉತ್ತರ. ಒಳಗೊಂದು ಸಣ್ಣ ಚಿಪ್ ಇಲ್ಲವಂತೆ! ಆಸ್ಪತ್ರೆಯ ಆದೇಶವೂ ಬಂದಿದೆ: ಇಂದು ಕಚೇರಿ ತೆರೆಯುವುದರೊಳಗೆ ಹೊಸ ಸಿಸ್ಟಂ ಕೂರದಿದ್ದರೆ ಯಂತ್ರ ಗುಜರಿಗೆ, ಅಣ್ಣ ಮನೆಗೆ, ಅವರ ಜಾಗಕ್ಕೆ ರೆಕಾರ್ಡ್ ಮಾಡಿದ ದನಿ. ನೆಗಡಿ ಬಂತೆಂದು ಮೂಗು ಕೊಯ್ಯುವುದೆಂದರೆ ಇದೇ. ಅದೂ ಇನ್ನೊಬ್ಬರ ಮೂಗು.

"ಉಸಿರಾಡ್ತಾ ಇರೋದಕ್ಕೆ ಮಣ್ಣು ಹಾಕ್ತಾರಲ್ಲ, ಇವರಿಗೇನನ್ಬೇಕು?" ಅಕ್ಕ ಗೊಣಗುತ್ತಾರೆ.

ಅಕ್ಕ ರೇಡಿಯೊ ಮೆಕ್ಯಾನಿಕ್‌ನ ಮಗಳು. ಅಪ್ಪನ ಬೆಂಚಿನ ಕೆಳಗೆ ಬಿದ್ದ ಸ್ಕ್ರೂ ಆಯುತ್ತಲೇ ಕೆಲಸ ಕಲಿತವರು. ದೊಡ್ಡ ಅಂಗಡಿಗಳು ಕೈಚೆಲ್ಲಿದ ಯಂತ್ರಗಳೆಲ್ಲ ಅವರ ಮನೆಯ ಜಗುಲಿಗೆ ಬರುತ್ತವೆ. ಜೀವ ಬಂದ ಮೇಲೆ ಅಕ್ಕನನ್ನು ನೆನೆಯುವವರಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ?

ಚಿಪ್ ಇದೆಯೇ ಎಂಬ ತಪಾಸಣೆಯನ್ನು ತೆಗೆದುಹಾಕಿದ ಹೊಸ ಸಿಸ್ಟಂ ಇರುವ ಪೆನ್‌ಡ್ರೈವ್ ಸಿಕ್ಕಿಸಿ ಅಕ್ಕ ಕಾಯುತ್ತಾರೆ. ಯಂತ್ರ ಆರಿ, ಹೊತ್ತಿ, ಮತ್ತೆ ಆರುತ್ತದೆ. ಕೊನೆಗೆ ಪರದೆ ನೀಲಿಯಾಗಿ ತೆರೆದುಕೊಳ್ಳುತ್ತದೆ.

"ಬಂತು ಅಣ್ಣಾ! ನೋಡಿ!"

"ನಿನಗೆ ಬಂತು ತಾಯಿ. ನನಗೆ?"

ಯಂತ್ರ ಮೂಕವಾಗಿದೆ. ಅಕ್ಕ ನಾಲಿಗೆ ಕಚ್ಚಿಕೊಳ್ಳುತ್ತಾರೆ. ಹಳೆಯ ಸೌಂಡ್ ಕಾರ್ಡನ್ನು ಹೊಸ ವ್ಯವಸ್ಥೆ ಗುರುತೇ ಹಿಡಿದಿಲ್ಲ. ಹೊರಗೆ ಗುಜರಿ ಗಾಡಿಯ ಹಾರ್ನ್. ಅಕ್ಕ ಮೊದಲೇ ತೆಗೆದಿಟ್ಟುಕೊಂಡಿದ್ದ ಹಳೆಯ ಡ್ರೈವರನ್ನು, ಕಾರ್ಡಿನಿಂದ ದನಿ ಹೊರಡಿಸುವ ಪುಟ್ಟ ತಂತ್ರಾಂಶವನ್ನು, ಹುಡುಕಿ ಹಾಕುತ್ತಾರೆ.

"ಹೆರಿಗೆ ವಾರ್ಡ್," ಎನ್ನುತ್ತದೆ ಯಂತ್ರ.

"ಹುಟ್ಟಿತು ನೋಡು!" ಅಣ್ಣ ನಗುತ್ತಾರೆ.

ಬಾಗಿಲಲ್ಲಿ ಆಡಳಿತಾಧಿಕಾರಿ. "ಇದು ಅಧಿಕೃತ ಅಲ್ವಲ್ಲಮ್ಮ?"

ಅಕ್ಕನಿಗಿಂತ ಮೊದಲು ಅಣ್ಣನೇ ಉತ್ತರಿಸುತ್ತಾರೆ: "ಕಣ್ಣಿಲ್ಲದೆ ಇರೋದು ನನಗೆ ಸಾರ್. ನಿಮಗೆ ಕಿವಿ ಇದೆಯಲ್ಲ, ಕೇಳಿ."

ಅಧಿಕಾರಿ ಕೇಳಿಸಿಕೊಳ್ಳುತ್ತಾರೆ. ಗಾಡಿ ಖಾಲಿ ಹೋಗುತ್ತದೆ. ಅಕ್ಕ ಬ್ರಷ್ ಎತ್ತಿಕೊಳ್ಳುತ್ತಾರೆ: "ಕೆಲಸ ಮಾಡೋದನ್ನ ಸತ್ತಿದೆ ಅನ್ಬೇಡಿ. ನಾನು ಕೇಳೋದು ಅಷ್ಟೇ."

ಫೋನ್ ರಿಂಗಾಗುತ್ತದೆ, ಅಣ್ಣ ಎತ್ತಿಕೊಳ್ಳುತ್ತಾರೆ. ಕಂಪನಿಯ ಮುಂದಿನ ಅಪ್‌ಡೇಟ್ ಈ ದನಿಯನ್ನು ಉಳಿಸುತ್ತದೋ ಅಡಗಿಸುತ್ತದೋ, ಅಕ್ಕನಿಗೂ ಗೊತ್ತಿಲ್ಲ, ಬರೆದವರಿಗೂ ಗೊತ್ತಿಲ್ಲ.