ಗೆರೆ ಇಳಿಯುವವರೆಗೆ

ನಮ್ಮ ಫಿಜಿಕ್ಸ್ ಸರ್ ಅವರ ಬಲಗೈ ಹೆಬ್ಬೆರಳು ಸದಾ ಸುಣ್ಣದ ಬಣ್ಣದ್ದು. ಬೋರ್ಡಿನ ಮೇಲೆ ತಪ್ಪಾದರೆ ಡಸ್ಟರ್ ಮುಟ್ಟುತ್ತಿರಲಿಲ್ಲ; ತಪ್ಪಿದ ಚಿಹ್ನೆಯನ್ನಷ್ಟೇ ಹೆಬ್ಬೆರಳಿನಿಂದ ಒರೆಸುತ್ತಿದ್ದರು. "ಒಂದ್ ತಪ್ಪಿಗೆ ಬೋರ್ಡೆಲ್ಲಾ ಯಾಕ ಅಳಸ್ತಿ?" ಎಂದು ನಮ್ಮನ್ನು ಗದರುತ್ತಿದ್ದರು. ಲೆಕ್ಕ ಸರಿಬಂದರೂ ಶಾಬಾಸ್ ಅನ್ನುವ ಪೈಕಿ ಅಲ್ಲ. "ಮುಂದ?" ಅನ್ನುವರು, ಅಷ್ಟೆ. ಇಂಡಿ ಊರಿನ ಕಾಲೇಜಿನಲ್ಲಿ ಆ ಒಂದು ಮಾತಿಗೆ ನಾವೆಲ್ಲ ನಡುಗುತ್ತಿದ್ದೆವು.

ಎರಡು ಸಾವಿರದ ದಶಕ ಮುಗಿಯುತ್ತಿದ್ದಾಗ ನಾನು ಪಿಎಚ್.ಡಿ. ಮಾಡುತ್ತಿದ್ದೆ. ಒಂದು ಬೇಸಿಗೆಯಲ್ಲಿ ಅಳುಮೋರೆ ಹೊತ್ತು ಹೊರ್ತಿ ಹಳ್ಳಿಯಲ್ಲಿದ್ದ ಅವರ ಮನೆಗೆ ಹೋದೆ.

ಬಿಸಿ ಚಹಾ ಇಟ್ಟುಬಿಟ್ಟರೆ ಆರುತ್ತದೆ. ಮೊದಲು ಎಷ್ಟು ಕುದಿದಿತ್ತೆಂಬ ಗುರುತೂ ಉಳಿಯುವುದಿಲ್ಲ. ಗುಂಪುಗೂಡಿದ ಕ್ವಾಂಟಂ ಕಣಗಳೂ ಸಾಮಾನ್ಯವಾಗಿ ಹಾಗೆಯೇ ಮೊದಲಿನ ಸ್ಥಿತಿ ಮರೆತು ಒಂದು ಹದಕ್ಕೆ ಬರುತ್ತವೆ. ನನ್ನ ಕಂಪ್ಯೂಟರ್ ಲೆಕ್ಕದಲ್ಲಿ ಸಾಲಾಗಿ ನಿಂತ ಕಣಗಳು ಎಷ್ಟು ಹೊತ್ತು ಬಿಟ್ಟರೂ ಮರೆಯುತ್ತಿರಲಿಲ್ಲ. ನೆನಪನ್ನು ತೋರಿಸುವ ಗೆರೆ ಕೆಳಗಿಳಿಯದೆ ನಿಂತೇ ಇತ್ತು. ಪ್ರೋಗ್ರಾಮಿನಲ್ಲೇ ತಪ್ಪಿದೆ, ಆ ಅಧ್ಯಾಯ ಕಿತ್ತುಹಾಕದಿದ್ದರೆ ಸಹಿ ಇಲ್ಲ ಎಂದಿದ್ದರು ನನ್ನ ಗೈಡ್. ಅದು ಹೋದರೆ ನನ್ನ ಥೀಸಿಸ್‌ನಲ್ಲಿ ಮತ್ತೇನೂ ಉಳಿಯುತ್ತಿರಲಿಲ್ಲ.

"ಅವು ಮರಿಯದಿರಾಕ ಕಾರಣ ಏನರ ಐತೇನು?" ಸರ್ ಕೇಳಿದರು.

"ಐತ್ರಿ ಸರ್. ಎಂದೂ ಬದಲಾಗದಂಥ ಗುಣಾ ಭಾಳ ಅದಾವ್ರಿ. ಅವೇ ಹಿಡದು ನಿಲ್ಲಸ್ತಾವ್ರಿ."

"ಹಂಗಾರ ಆ ಹಿಡಿತ ಸ್ವಲ್ಪ ಕೆಡಸು. ಕಣಗೋಳು ಇನ್ನೊಂದ್ ತರಾ ತಾಕ್ಯಾಡ್ಲಿ. ಆವಾಗ ಅದೇ ಪ್ರೋಗ್ರಾಮಿನ್ಯಾಗ ಗೆರಿ ಇಳೀಬೇಕು. ಇಳಿದ್ರ, ನಿನ್ನ ಪ್ರೋಗ್ರಾಮಿಗೆ ಮರಿಯೂದೂ ಬರತೈತಿ. ಇಳೀಲಿಲ್ಲಂದ್ರ ನಿನ್ನ ಗೈಡ್ ಹೇಳಿದ್ದೇ ಖರೆ."

ಮರುದಿನ ಇಂಡಿಯಲ್ಲಿ, ಲಿಂಬೆ ಗೋದಾಮಿನ ಮೇಲಿನ ಕಂಪ್ಯೂಟರ್ ಕ್ಲಾಸಿನಲ್ಲಿ ಕೂತು, ಸರ್ ಹೇಳಿದಂತೆ ಹಿಡಿತ ಕೆಡಿಸಿ ಅದೇ ಪ್ರೋಗ್ರಾಮು ಓಡಿಸಿದೆವು. ಅಲ್ಲಿನ ಯುಪಿಎಸ್ ಸತ್ತಿತ್ತು. ಮಧ್ಯಾಹ್ನ ಕರೆಂಟ್ ತೆಗೆಯುವುದು ಖಾತ್ರಿ. ಅಷ್ಟರೊಳಗೆ ಮುಗಿಯದಿದ್ದರೆ ಎಲ್ಲ ಮೊದಲಿನಿಂದ. ಗೆರೆ ಅಡ್ಡಡ್ಡ ಹೋಗುತ್ತಲೇ ಇತ್ತು. ಕೆಳಗೆ ಹಮಾಲರ ಕೂಗಾಟ, ಮೇಲೆ ನಾನು ಗಡಿಯಾರ ನೋಡುತ್ತ ಕೂತಿದ್ದೆ. ತರಿಸಿದ ಚಹಾ ಸರ್ ಮುಟ್ಟಿರಲಿಲ್ಲ.

"ಇಳಿವಲ್ದ್ರಿ ಸರ್."

"ಸುಮ್ಕ ನೋಡು."

ವೋಲ್ಟೇಜ್ ಇಳಿದು ಫ್ಯಾನು ಕುಂಟತೊಡಗಿತು. ಮುಗಿಯಿತು ನನ್ನ ಕತೆ ಅಂದುಕೊಂಡೆ. ಅಷ್ಟರಲ್ಲಿ ಗೆರೆ ಸ್ವಲ್ಪ ಬಾಗಿತು. ಇನ್ನಷ್ಟು ಬಾಗಿತು. ಕೊನೆಗೆ ಇಳಿದು ತಳ ಮುಟ್ಟಿತು. ಪ್ರೋಗ್ರಾಮು ಸುಳ್ಳು ಹೇಳಿರಲಿಲ್ಲ. ನನ್ನ ಕಣಗಳು ನಿಜಕ್ಕೂ ಮರೆತಿರಲಿಲ್ಲ! ಕುಣಿಯುವಂತಾಗಿ ಸರ್ ಮುಖ ನೋಡಿದೆ.

"ಮುಂದ?" ಅಂದರು.

ಮೈಯೆಲ್ಲ ಉರಿದುಹೋಯಿತು. ಇವರಿಗೆ ಹೃದಯವೇ ಇಲ್ಲವೆ ಅನ್ನಿಸಿತು. ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಮೆಟ್ಟಿಲಿಳಿದೆ.

ಗೈಡ್ ಒಪ್ಪಿದರು, ಅಧ್ಯಾಯ ಉಳಿಯಿತು. ಆದರೆ ನನಗೆ ಪದವಿ ಬರುವ ಮೊದಲೇ ಸರ್ ಎದೆನೋವಿನಿಂದ ತೀರಿಕೊಂಡರು. ಹೊರ್ತಿಗೆ ಹೋದಾಗ ಅವರ ಹೆಂಡತಿ ನನ್ನ ಕೈ ಹಿಡಿದು ಹೇಳಿದರು: "ಆವತ್ತ ಇಂಡಿಯಿಂದ ಬಂದವ್ರು ಚಪ್ಪಲಿನೂ ಬಿಡದ ಕಟ್ಟಿ ಮ್ಯಾಲ ಕುಂತಬಿಟ್ರವಾ. 'ಆಕಿ ಲೆಕ್ಕ ಖರೆ ಐತಿ. ಗೆರಿ ಇಳಿಯೂತನಕಾ ನನ್ನ ಕೈಕಾಲಾಗ ಜೀವಾ ಇರಲಿಲ್ಲ' ಅಂದ್ರು."

ಸರಿ ಎಂಬ ಮಾತು ಅವರಿಂದ ನನಗೆ ಸಿಕ್ಕಿದ್ದು ಹೀಗೆ, ಅವರಿಲ್ಲದ ಮನೆಯಲ್ಲಿ. ಬಿಕ್ಕಿ ಬಿಕ್ಕಿ ಅತ್ತೆ.

ಈಗ ನಾನೂ ಪಾಠ ಹೇಳುತ್ತೇನೆ, ತಪ್ಪನ್ನು ಹೆಬ್ಬೆರಳಿನಿಂದಲೇ ಒರೆಸುತ್ತೇನೆ. ಆದರೆ ಯಾರದಾದರೂ ಲೆಕ್ಕ ಕೂಡಿಬಂದರೆ ಮಾತ್ರ ತಡಮಾಡುವುದಿಲ್ಲ. ಅಲ್ಲೇ, ಎದುರಿಗೇ, "ಖರೆ ಐತಿ" ಅಂದುಬಿಡುತ್ತೇನೆ. "ಮುಂದ?" ಅನ್ನುವುದು ಆಮೇಲೆ.