ಸುಶೀಲವ್ವನ ಇಲಿವಾರ

ಗಜೇಂದ್ರಗಡದಲ್ಲಿ ಜಂಪರ ಹೊಲಿಯುವ ಸುಶೀಲವ್ವ ಇಲಿ ಸಾಕಿದ್ದಾಳೆಂಬುದು ಗಿರಾಕಿಗಳಿಗೆ ತಿಳಿದರೆ ಮುಗಿದೇ ಹೋಯಿತು, ಅವಳ ಮನೆಗೆ ಒಂದು ತುಂಡು ಅರಿವೆಯೂ ಬರುವುದಿಲ್ಲ. ಆದರೂ ಸಾಕಿದ್ದಳು. ಎರಡು ವರ್ಷದ ಹಿಂದೆ ಚಿಂದಿ ಚೀಲದಲ್ಲಿ ಕಣ್ಣು ಬಿಡದ ಮರಿಯೊಂದು ಸಿಕ್ಕಿತ್ತು. ಹೊರಗೆ ಎಸೆಯಲು ಎತ್ತಿಕೊಂಡವಳು ಬತ್ತಿ ಹೊಸೆದು ಹಾಲು ಕುಡಿಸಿಬಿಟ್ಟಳು. ಗುಂಡ್ಯಾ ಎಂದು ಹೆಸರಿಟ್ಟಳು.

ಸವಡಿಗೆ ಮದುವೆಯಾಗಿ ಹೋದವಳು ವರ್ಷ ತುಂಬುವುದರೊಳಗೆ ತವರಿಗೆ ಮರಳಿದ್ದಳು. ಯಾಕೆಂದು ಕೇಳಿದವರಿಗೆ ಅವಳೇ ಉತ್ತರ ಕೊಟ್ಟಿಲ್ಲ, ನಾವೂ ಕೆದಕುವುದು ಬೇಡ. ಅವ್ವ ತೀರಿಕೊಂಡ ಮೇಲೆ ಉಳಿದದ್ದು ಒಂದು ಕೋಣೆ, ಒಂದು ಹೊಲಿಗೆ ಮಿಷನ್. ನರಗುಂದದಲ್ಲಿರುವ ತಮ್ಮ ಸಿದ್ದಲಿಂಗನಿಗೆ ಅಕ್ಕನ ನೆನಪಾಗುವುದು ಹೆಂಡತಿಯ ಜಂಪರ ಹೊಲಿಸಬೇಕಾದಾಗ ಮಾತ್ರ. ದಿನವಿಡೀ ಓಣಿಯ ಹೆಂಗಸರ ಅಳತೆ ತೆಗೆಯುತ್ತ ಅವರ ಕಷ್ಟಸುಖ ಕೇಳುತ್ತಾಳೆ, ಅವಳದನ್ನು ಕೇಳುವವರಿಲ್ಲ. ಸಂಜೆ ಬಾಗಿಲು ಹಾಕಿದ ಮೇಲೆ ಗುಂಡ್ಯಾ ಹೆಗಲೇರಿ ರೊಟ್ಟಿಯ ಚೂರು ಕಡಿಯುತ್ತ ಕೂಡುತ್ತಿದ್ದ, ಅವಳು ಮಾತಾಡುತ್ತಿದ್ದಳು. ಗಿರಾಕಿಗಳ ಅರಿವೆಗೆ ಬಾಯಿ ಹಾಕಿದರೆ ಮಾತ್ರ ಬೈಗುಳ. ಅದಕ್ಕೇ ಎಲ್ಲ ಅರಿವೆಯೂ ಟ್ರಂಕಿನಲ್ಲಿ.

ಈ ಸಲದ ಶ್ರಾವಣದಲ್ಲಿ ಗುಂಡ್ಯಾ ಹಿಂಗಾಲು ಎಳೆಯತೊಡಗಿದ. ಹೊಟ್ಟೆಯ ಕೆಳಗೆ ಸಣ್ಣ ನಿಂಬೆಕಾಯಿಯಷ್ಟು ಗಂಟು. ಬುಟ್ಟಿಯಲ್ಲಿಟ್ಟುಕೊಂಡು ದನದ ದವಾಖಾನೆಗೆ ಹೋದಳು. ಎತ್ತು ಹಿಡಿದು ನಿಂತಿದ್ದ ಮುಶಿಗೇರಿಯ ಹೇಮಪ್ಪ ಬುಟ್ಟಿಯಲ್ಲಿ ಇಣುಕಿದ. "ಏನ್ಬೇ ಯವ್ವಾ, ನಾವು ಇದಕ್ಕ ವಿಷಾ ಇಡ್ತೀವಿ, ನೀ ದವಾಖಾನಿಗೆ ತಂದೀಯಲ್ಲ" ಎಂದು ನಕ್ಕ. ಸುಶೀಲವ್ವ ಸೆರಗಿನಿಂದ ಬುಟ್ಟಿ ಮುಚ್ಚಿದಳು.

ಡಾಕ್ಟರ್ ಮುಜಫ್ಫರ ನಗಲಿಲ್ಲ. ಬೆರಳಿನಿಂದ ಗಂಟು ಮುಟ್ಟಿ ನೋಡಿದರು. "ವಯಸ್ಸಾಗೈತ್ರಿ. ಕೊಯ್ದ್ರ ತಡಕೊಳ್ಳಂಗಿಲ್ಲ. ಒಂದು ಸೂಜಿ ಮಾಡಿದ್ರ ನಿದ್ದಿಯೊಳಗ ಹೋಗತೈತಿ."

"ಅಂವ ಒಮ್ಮಿನೂ ಚೀರಿಲ್ರಿ ಸಾಹೇಬ್ರ."

"ಹಂಗಾದ್ರ ನೋಡ್ರಿ. ಭಾಳ ನೋವಾಗಾಕತ್ತೈತಿ ಅನಿಸಿದ ದಿನ ತರ್ರಿ."

ಅಷ್ಟೇ ಸಾಕಾಗಿತ್ತು ಅವಳಿಗೆ. ಚೀರದಿದ್ದರೆ ನೋವಿಲ್ಲ, ನೋವಿಲ್ಲದಿದ್ದರೆ ಸೂಜಿ ಬೇಡ. ಬುಟ್ಟಿಯನ್ನು ಕಾಲ ಬಳಿಯೇ ಇಟ್ಟುಕೊಂಡು ಹಬ್ಬದ ಹೊಲಿಗೆಗೆ ಕೂತಳು. ಬೆಳಗಿನಿಂದ ಮಲಗುವವರೆಗೂ ಮಿಷನ್ನಿನ ಗಡಗಡ.

ಗಣಪತಿ ಕೂಡಿಸಿದ ಮರುದಿನ ಇಲಿವಾರ. ಅವತ್ತು ಅವಳಂಥವರು ಮಿಷನ್ ತುಳಿಯುವುದಿಲ್ಲ, ಕತ್ತರಿ ಮುಟ್ಟುವುದಿಲ್ಲ. ಮಣ್ಣಿನ ಇಲಿಯನ್ನು ಮಿಷನ್ ಮೇಲೆ ಕೂಡಿಸಿ, ವರ್ಷವಿಡೀ ಅರಿವೆ ಕಡಿಯಬೇಡಪ್ಪಾ ಎಂದು ಬೇಡಿಕೊಂಡು ಕಡುಬಿನ ಎಡೆ ಹಿಡಿಯುತ್ತಾರೆ. ಇಲಿಯ ಮೇಲೆ ಕೈ ಎತ್ತುವುದಂತೂ ದೂರದ ಮಾತು. ಸುಶೀಲವ್ವ ಎಲ್ಲವನ್ನೂ ಮಾಡಿ, ಕಡುಬಿನ ಚೂರು ಗುಂಡ್ಯಾನ ಬಾಯಿಗೆ ಹಿಡಿದಳು. ಅವನು ಮೂಸಲೂ ಇಲ್ಲ. ಮಾಡಲು ಬೇರೆ ಕೆಲಸವಿಲ್ಲದೆ ಗೋಡೆಗೆ ಒರಗಿ ಕೂತಳು.

ಆಗ ಕೇಳಿಸಿತು. ಎಣ್ಣೆ ಕಾಣದ ಗಾಲಿಯಂತೆ ಸಣ್ಣ ಕಿರ್ ಸದ್ದು, ಬುಟ್ಟಿಯೊಳಗಿಂದ, ಒಂದೊಂದು ಉಸಿರಿಗೂ. ಎಷ್ಟು ದಿನದಿಂದ ನರಳುತ್ತಿದ್ದನೋ. ಮಿಷನ್ನಿನ ಸದ್ದಿನಲ್ಲಿ ಅವಳಿಗೆ ಕೇಳಿಸಿರಲಿಲ್ಲ, ಅಷ್ಟೇ. ಇವನೂ ಹೋದರೆ ಸಂಜೆ ಯಾರೊಂದಿಗೆ ಮಾತು ಎಂಬ ಭಯಕ್ಕೇ ತಾನು ಇಷ್ಟು ದಿನ ದೂಡಿದ್ದು ಎಂದು ಅವಳಿಗೆ ಗೊತ್ತಾಯಿತು.

ಬುಟ್ಟಿ ಎತ್ತಿಕೊಂಡು ಹೊರಬಿದ್ದಾಗ ಪಕ್ಕದ ಮನೆಯ ಕಲ್ಲವ್ವ ಅಡ್ಡ ಬಂದಳು. ಓಣಿಯಲ್ಲಿ ಗುಂಡ್ಯಾನ ಗುಟ್ಟು ಗೊತ್ತಿದ್ದವಳು ಅವಳೊಬ್ಬಳೇ. "ಇವತ್ತ ಬ್ಯಾಡಬೇ, ಇಲಿವಾರ. ನಾಳಿಗೆ ಒಯ್ಯಿ. ಪಾಪ ಸುತ್ಕೋತೈತಿ."

"ಸುತ್ಕೊಂಡ್ರ ನನಗ ಸುತ್ಕೊಳ್ಳಲಿ ಕಲ್ಲಕ್ಕಾ. ನಾಳಿತನಕಾ ಅಂವ ಯಾಕ ನರಳಬೇಕು?"

ಡಾಕ್ಟರು ಸೂಜಿ ಮಾಡಿದರು. ಗುಂಡ್ಯಾ ಅಂಗೈಯಲ್ಲಿದ್ದ. ಯಾರ ತೋಳು ಬಿಗಿಯಾಯಿತು, ಯಾರು ಅಳತೆಯ ಜಂಪರ ಕೊಡದೆ ಜಗಳಕ್ಕೆ ಬಂದರು ಎಂದು ಅವಳು ದಿನದ ಮಾತನ್ನೇ ಆಡಿದಳು. ಉಸಿರು ನಿಂತಿತೆಂದು ಡಾಕ್ಟರು ಹೇಳಿದ ಮೇಲೂ ಒಂದಷ್ಟು ಹೊತ್ತು ಆಡಿದಳು. ಆಮೇಲೆ ಹಿತ್ತಲಿನ ಬೇವಿನ ಬುಡದಲ್ಲಿ, ಚಿಂದಿಯಲ್ಲಿ ಸುತ್ತಿ ಹುಗಿದಳು.

ಆ ಸಂಜೆ ಟ್ರಂಕಿನಿಂದ ಯಾರದೋ ಮದುವೆಯ ಜಂಪರಿನ ಅರಿವೆ ತೆಗೆದು, ಬುಟ್ಟಿಯಿದ್ದ ಜಾಗದಲ್ಲಿ ನೆಲದ ಮೇಲೆ ಬೇಕಂತಲೇ ಬಿಟ್ಟು ಮಲಗಿದಳು. ಬೆಳಿಗ್ಗೆ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು, ಹೊರಳಿಸಿ ಅಂಚಂಚೂ ನೋಡಿದಳು. ಎಲ್ಲಿಯೂ ಒಂದು ಹಲ್ಲಿನ ಗುರುತಿರಲಿಲ್ಲ. ನಿನ್ನೆ ಎಡೆ ಹಿಡಿದು ಬೇಡಿಕೊಂಡದ್ದು ಹಾಗೆಯೇ ನಡೆದಿತ್ತು. ಸುಶೀಲವ್ವ ಆ ಅರಿವೆಯನ್ನು ಮಡಿಲಲ್ಲಿ ಇಟ್ಟುಕೊಂಡು, ಬಾಗಿಲು ತೆರೆಯದೆ, ಬಹಳ ಹೊತ್ತು ಅತ್ತಳು.