ಸ್ಟುಡಿಯೋ ಕಾಕಾನ ತೋರುಬೆರಳು

ಅವರ ಬಲಗೈಯ ತೋರುಬೆರಳು ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು. ಉಗುರಿನ ಸುತ್ತ ಹಳದಿ ಕಲೆ; ಕತ್ತಲೆ ಕೋಣೆಯಲ್ಲಿ ಫಿಲಂ ತೊಳೆಯುತ್ತಿದ್ದ ಕಾಲದ್ದು, ಯಾವ ಸಾಬೂನಿಗೂ ಬಗ್ಗಿರಲಿಲ್ಲ. ಗಂಗಾವತಿಯ ನಮ್ಮ ಓಣಿಯಲ್ಲಿ ಆ ಬೆರಳು ಮುಟ್ಟದ ಗದ್ದ ಇರಲಿಲ್ಲ. ಹಾಲ್ ಟಿಕೆಟ್ಟಿನ ಫೋಟೊ ಇರಲಿ, ಗಂಡಿನ ಕಡೆಯವರಿಗೆ ಕಳಿಸುವ ಫೋಟೊ ಇರಲಿ, ಕಾಕಾ ಕ್ಯಾಮೆರಾ ಬಿಟ್ಟು ಎದ್ದು ಬಂದು, ಬೆರಳನ್ನು ಗದ್ದದ ಕೆಳಗಿಟ್ಟು ಮುಖವನ್ನು ಒಂದಿಷ್ಟೇ ಎತ್ತಿ, "ಅಳ್ಳಾಡಬ್ಯಾಡ" ಅನ್ನುತ್ತಿದ್ದರು. ಹಿಂದೆ ಸರಿದು "ರೆಡಿ" ಅನ್ನುತ್ತಿದ್ದರು. ಆಮೇಲೆ ಖಟಕ್. ಅಡಕತ್ತರಿಯಲ್ಲಿ ಗೋಟಡಿಕೆ ಒಡೆದ ಹಾಗೆ, ಆ ಸದ್ದು ಬೀದಿಗೆ ಕೇಳುತ್ತಿತ್ತು.

ಮದುವೆಗಳಿಗೆ ಡ್ರೋನ್ ಹಾರಿಸುವವರು ಬಂದ ಮೇಲೆ ಕಾಕಾ ಹಕ್ಕಿಗಳ ಕಡೆ ತಿರುಗಿದರು. "ಹಾರಿಸೂದು ನನಗ ಬರೂದಿಲ್ಲ ಅಂದ್ರಲ್ಲಾ, ಹಾರೂದನ್ನ ಹಿಡೀತೀನಿ ತಡಿ" ಎಂದು ಹಟ. ಅವರ ಹೆಂಡತಿ, ನಮಗೆಲ್ಲ ಕಾಕು, ಅಡುಗೆಮನೆಯಿಂದಲೇ ಕುಟುಕುತ್ತಿದ್ದರು: "ಲಗ್ನಾದಾಗಿಂದ ನಂದೊಂದು ಫೋಟೊ ನೆಟ್ಟಗ ತಗದಿಲ್ಲ. ಇನ್ನ ಹಕ್ಕಿ ಏನ ಪಾಪ ಮಾಡೇತೋ!"

ಕಣ್ಣಿಗೆ ಪೊರೆ ಬರುತ್ತಿದ್ದುದರಿಂದ ಕಾಕಾ ಗಾಡಿ ಓಡಿಸುವುದನ್ನು ಬಿಟ್ಟಿದ್ದರು. ಎದುರುಮನೆಯ ನಾನು ಪ್ರಾಣಿಶಾಸ್ತ್ರ ಓದಿದವಳು, ಜೊತೆಗೆ ಸ್ಕೂಟಿ ಇದ್ದವಳು. ಎರಡರಲ್ಲಿ ಅವರಿಗೆ ಬೇಕಾದದ್ದು ಸ್ಕೂಟಿ.

ಹನುಮನಹಳ್ಳಿಯ ಆಚೆ ಬಂಡೆಗುಡ್ಡದ ಬುಡದಲ್ಲಿ ಗದ್ದೆಗಳ ಬಸಿನೀರು ನಿಂತು ಒಂದು ಹೊಂಡವಾಗಿದೆ. ಸುತ್ತ ಜೊಂಡು. ಒಂದು ಚಳಿಗಾಲ ಅಲ್ಲಿಗೆ ಕರಿತಲೆಯ ಮಿಂಚುಳ್ಳಿಯೊಂದು ಬಂತು. ಕಡಲ ದಂಡೆಯ ಹಕ್ಕಿ. ನಮ್ಮ ಸೀಮೆಯಲ್ಲಿ ಕಾಣುವುದು ಅಪರೂಪ. ಕಡುನೀಲಿ ಬೆನ್ನು, ಕೆಂಪು ಕೊಕ್ಕು, ತಲೆಯ ಮೇಲೆ ಟೊಪ್ಪಿಗೆ ಇಟ್ಟಂಥ ಕಪ್ಪು. ಕಾಕಾ ಅದನ್ನು "ಸಾಹೇಬ್ರು" ಎಂದೇ ಕರೆದರು. "ಇವ್ರದೊಂದು ಫೋಟೊ ನೆಟ್ಟಗ ಬಂತಂದ್ರ ಕ್ಯಾಮೆರಾ ಕೆಳಗಿಡತೀನವ್ವಾ. ಕಣ್ಣು ಪೂರಾ ಹೋಗೂದ್ರಾಗ ಇದೊಂದು ಆಗ್ಬೇಕು" ಅಂದಾಗ ಮಾತ್ರ ದನಿಯಲ್ಲಿ ತಮಾಷೆ ಇರಲಿಲ್ಲ.

ಹಕ್ಕಿಗೆ ಕಾಣದಂತೆ ಕೂರಲು ಮರೆ ಬೇಕಿತ್ತು. ಕಾಕಾ ಸ್ಟುಡಿಯೋದ ಹಳೆಯ ಪರದೆಯನ್ನೇ ಸುತ್ತಿ ಹೆಗಲಿಗಿಟ್ಟುಕೊಂಡು ಸ್ಕೂಟಿಯ ಹಿಂದೆ ಕೂತರು. ಅದರ ಮೇಲೆ ಜಲಪಾತ, ಎರಡು ಹಂಸ, ಮೂಲೆಯಲ್ಲಿ ತಾಜಮಹಲು. ಚಹದಂಗಡಿಯಿಂದ ಯಾರೋ ಕೂಗಿದರು: "ಯಾವೂರಾಗ ನಾಟಕರೀ ಕಾಕಾ?"

"ಇಲ್ಲೇ ಹನುಮನಹಳ್ಳ್ಯಾಗಪಾ. ಹೀರೋ ಇನ್ನೂ ಬಂದಿಲ್ಲ."

ದಂಡೆಯಲ್ಲಿ ಎರಡು ಬಿದಿರು ನೆಟ್ಟು ಪರದೆ ಕಟ್ಟಿದೆವು. ಚಿತ್ರ ನೀರಿನ ಕಡೆಗೆ, ನಾವು ಹಿಂದೆ. ಜಲಪಾತದ ನಡುವೆ ಲೆನ್ಸಿಗೊಂದು ತೂತು.

"ಹಸರ ಬಟ್ಟಿ ಕಟ್ಟಬೇಕಿತ್ತು ಕಾಕಾ."

"ಇದರಾಗೂ ನೀರೈತಿ, ಹಕ್ಕಿ ಅದಾವು. ಸಾಹೇಬ್ರಿಗೆ ಮತ್ತೇನ ಬೇಕು?"

ತೂತಿನ ಎದುರಿಗೆ ನೀರಿನಲ್ಲಿ ಒಂದು ಒಣ ಕೊಂಬೆ ನೆಟ್ಟರು. ಅದು ಸಾಹೇಬರ ಖುರ್ಚಿ. ಭಾನುವಾರ ಬೆಳಕು ಹರಿಯುವ ಮೊದಲೇ ಹೋಗಿ ಬಿಸಿಲೇರುವ ತನಕ ಕಾಯುತ್ತಿದ್ದೆವು. ಖುರ್ಚಿಯ ಮೇಲೆ ಕಾಗೆ ಕೂತಿತು, ಬೆಳ್ಳಕ್ಕಿ ಕೂತಿತು, ಯಾರದೋ ಅಂಗಿ ಹಾರಿಬಂದು ಒಂದು ವಾರ ಕೂತಿತು. ಕೊನೆಗೊಮ್ಮೆ ಸಾಹೇಬರೂ ಕೂತರು. ಕಾಕಾ ಗುರಿ ಹಿಡಿದು, ಜೀವಮಾನದ ರೂಢಿಯಂತೆ ಗಟ್ಟಿಯಾಗಿ "ರೆಡಿ!" ಅಂದರು. ಸಾಹೇಬರು ರೆಡಿ ಇರಲಿಲ್ಲ. ಆ ಚಳಿಗಾಲ ಅಲ್ಲಿಗೆ ಮುಗಿಯಿತು.

ಮುಂದಿನ ಚಳಿಗಾಲ ಹಕ್ಕಿ ಮತ್ತೆ ಬಂದಾಗ ನಾನು ಕಾಕಾನ ಬಾಯಿಗೆ ಕಲ್ಲುಸಕ್ಕರೆಯ ದೊಡ್ಡ ಹರಳು ಹಾಕತೊಡಗಿದೆ. ಬಾಯಿ ತುಂಬಿದ್ದರೆ "ರೆಡಿ" ಹೊರಬೀಳದು ಎಂಬ ಭರವಸೆ.

ಅಂದು ಸಾಹೇಬರು ನೇರವಾಗಿ ಬಂದು ಖುರ್ಚಿಯ ಮೇಲೆ, ಲೆನ್ಸಿಗೆ ಮುಖ ಕೊಟ್ಟು, ಯಾರೂ ಹೇಳದೆ ಗದ್ದ ಎತ್ತಿ ಕೂತರು. ಕಾಕಾನ ಬೆರಳು ಗುಂಡಿಯ ಮೇಲೆ ಹೋಯಿತು. ಕಲ್ಲುಸಕ್ಕರೆ ತನ್ನ ಕೆಲಸ ಮಾಡುತ್ತಿತ್ತು.

ಆಗ ಎಡಗಡೆಯ ಜೊಂಡು ಅಲುಗಿತು. ಎಮ್ಮೆ ಎಂದುಕೊಂಡೆ. ಎಮ್ಮೆಗೆ ಅಷ್ಟು ಕೂದಲಿರುವುದಿಲ್ಲ.

ಕರಡಿ ದಂಡೆಗುಂಟ ಬಂದು ಪರದೆಯ ಮುಂದೆ, ತಾಜಮಹಲಿನ ಹತ್ತಿರ ನಿಂತಿತು. ನಮಗೂ ಅದಕ್ಕೂ ನಡುವೆ ಒಂದು ಬಟ್ಟೆ. ಕಮ್ಮಾರನ ತಿದಿಯಂಥ ಉಸಿರು. ಮೂತಿಯಿಂದ ಒತ್ತಿತೋ ಏನೋ, ತಾಜಮಹಲಿನ ಗುಮ್ಮಟ ನನ್ನ ಕಡೆಗೆ ಉಬ್ಬಿತು. ಓದಿದ್ದೆಲ್ಲ ನೆನಪಾಯಿತು: ಕರಡಿಗೆ ಕಣ್ಣು ಮಂದ. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಮುಂದಿನ ಸಾಲೂ ನೆನಪಾಯಿತು: ಬೆಚ್ಚಿದರೆ ಮೊದಲು ಮುಖಕ್ಕೇ ಪಂಜ ಹಾಕುತ್ತದೆ.

ಹಕ್ಕಿ ಮಾತ್ರ ಕರಡಿಯನ್ನು ದಿನಾ ನೋಡುವ ಹಾಗೆ ಕೂತೇ ಇತ್ತು. ಕಾಕಾನ ಬೆರಳು ಗುಂಡಿಯ ಮೇಲೆಯೇ ಇತ್ತು. ಒತ್ತಿದರೆ ಫೋಟೊ. ಒತ್ತಿದರೆ ಖಟಕ್. ನಾನು ಓಡಲೆಂದು ಅರ್ಧ ಎದ್ದಿದ್ದೆ. ಆ ಗಳಿಗೆಯಲ್ಲಿ ನನಗೆ ಕರಡಿಗಿಂತ "ರೆಡಿ"ಯ ಭಯವೇ ಹೆಚ್ಚಾಗಿತ್ತು.

ಗದ್ದಕ್ಕೆ ತಣ್ಣಗೆ ಏನೋ ತಾಗಿತು. ಬೆರಳು. ಮುಖವನ್ನು ಒಂದಿಷ್ಟೇ ಎತ್ತಿತು. ಕಲ್ಲುಸಕ್ಕರೆಯನ್ನು ದವಡೆಗೆ ಒತ್ತಿಕೊಂಡು ಕಾಕಾ ಉಸುರಿದರು: "ಅಳ್ಳಾಡಬ್ಯಾಡ."

ಹತ್ತನೆಯ ಇಯತ್ತೆಯಿಂದ ಆದ ರೂಢಿ. ನಾನು ಅಳ್ಳಾಡಲಿಲ್ಲ. ಕಣ್ಣೂ ಮಿಟುಕಿಸಲಿಲ್ಲ.

ಕರಡಿ ಬಿದಿರಿಗೆ ಬೆನ್ನು ತಿಕ್ಕಿತು. ನೀರು ಕುಡಿಯಿತು. ಏನೂ ಅವಸರವಿಲ್ಲದೆ ಬಂಡೆಗಳ ನಡುವೆ ಹೋಯಿತು. ತೂತಿನಲ್ಲಿ ನೋಡಿದರೆ ಖುರ್ಚಿ ಖಾಲಿ.

ನಾನು ಅಳುತ್ತಿದ್ದೆ. ಕಾಕಾ ಕಲ್ಲುಸಕ್ಕರೆಯನ್ನು ಕಟಂ ಎಂದು ಕಡಿದು, "ಸಾಹೇಬ್ರು ಹ್ವಾದ್ರು" ಅಂದರು.

"ಯಾಕ ಒತ್ತಲಿಲ್ಲರಿ ಕಾಕಾ?"

"ಒತ್ತಿದ್ರ ಫೋಟೊ ಬರತಿತ್ತವ್ವಾ. ಮನೀಗೆ ಗಾಡಿ ಯಾರು ಹೊಡೀಬೇಕಿತ್ತು?"

ಆಮೇಲೆ ಸ್ಟುಡಿಯೋಗೆ ಬಂದವರಿಗೆಲ್ಲ ಈ ಕಥೆ. ಪ್ರತಿಸಲ ಕರಡಿ ಒಂದಿಷ್ಟು ಬೆಳೆಯುತ್ತಿತ್ತು. ಕೊನೆಯ ಮಾತು ಮಾತ್ರ ಅದೇ: "ಈಕಿ ಗದ್ದ ಹಿಡಿಯೂದ್ರಾಗ ನನ್ನ ಸಾಹೇಬ್ರು ಹ್ವಾದ್ರು ನೋಡ್ರಿ!" ಹಕ್ಕಿ ಮುಂದಿನ ಚಳಿಗಾಲ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಕಾಕಾ ಕ್ಯಾಮೆರಾ ಕೆಳಗಿಡಲೂ ಇಲ್ಲ. ನಾನು ಮನೆಯ ಕಿಟಕಿಯ ಪರದೆಗಳನ್ನೆಲ್ಲ ತೆಗೆದುಹಾಕಿದ್ದೇನೆ. ಫ್ಯಾನಿನ ಗಾಳಿಗೆ ಅವು ಉಬ್ಬಿದರೆ ಸಾಕು, ಉಸಿರು ನಿಂತು ನನ್ನ ಗದ್ದ ತಾನಾಗಿ ಮೇಲೇಳುತ್ತಿತ್ತು.

ಈ ಬೇಸಿಗೆಯಲ್ಲಿ ಕಾಕಾ ನಿದ್ದೆಯಲ್ಲೇ ತೀರಿಕೊಂಡರು. ವಿಭೂತಿ ಹಚ್ಚಿ, ಹಾರ ಹಾಕಿ, ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂರಿಸಿದ್ದರು. ಹಿಂದೆ ಅದೇ ಜಲಪಾತದ ಪರದೆ. ಕಾಕು ಹಟ ಹಿಡಿದು ಕಟ್ಟಿಸಿದ್ದರು. ಕೊನೆಯ ಫೋಟೊಕ್ಕೆಂದು ಕಾಕಾನ ತಮ್ಮನ ಮಗ ಮೊಬೈಲು ಹಿಡಿದು ನಿಂತಿದ್ದ. ಎಷ್ಟು ಸಲ ನೆಟ್ಟಗೆ ಮಾಡಿದರೂ ಕಾಕಾನ ತಲೆ ಎದೆಯ ಮೇಲೆ ಬಾಗುತ್ತಿತ್ತು.

"ಮಾರಿ ಎತ್ತರೋ ಯಾರರ," ಕಾಕು ಅಂದರು. "ಹಿಂಗ ಕೂತವ್ರನ್ನ ಅವ್ರು ಬಿಡತಿದ್ದಿಲ್ಲ."

ನಾನು ಹೋಗಿ ಗದ್ದದ ಕೆಳಗೆ ಬೆರಳಿಟ್ಟು ಒಂದಿಷ್ಟೇ ಎತ್ತಿದೆ. "ಅಳ್ಳಾಡಬ್ಯಾಡ್ರಿ ಕಾಕಾ" ಎಂಬುದು ತಾನಾಗಿ ಬಂತು. ಅಳುತ್ತಿದ್ದ ಕಾಕು ಫಕ್ಕನೆ ನಕ್ಕು, ಮತ್ತೆ ಅತ್ತರು.

"ರೆಡಿ" ಅಂದ ಮೊಬೈಲು ಹಿಡಿದವನು.

ಮೊಬೈಲಿಗೆ ಖಟಕ್ ಎಂಬ ಸದ್ದಿರಲಿಲ್ಲ. ಫೋಟೊ ಆಯಿತೋ ಇಲ್ಲವೋ ತಿಳಿಯದೆ, ನಾನು ಬೆರಳು ತೆಗೆಯದೆ ನಿಂತೇ ಇದ್ದೆ.